ಪೂಜೆಗೆ ಕಟ್ಟಿಟ್ಟ ಕೈಪಿಡಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಎಪ್ಪತ್ತರ ದಶಕದ ನಡುವಿನ ಆ ವರ್ಷ ನನಗೆ ಬಂದ ಸಿಟ್ಟಿಗೆ ತಕ್ಕ ಕಾರಣವಿತ್ತು. ಇದ್ದ ಕೆಲಸವನ್ನು ಒಂದು ಯಂತ್ರ ಕಿತ್ತುಕೊಂಡರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ನಾನು ಧಾರವಾಡದವಳು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ತಿರುವನಂತಪುರದ ಒಂದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯ ಲೆಕ್ಕದ ವಿಭಾಗಕ್ಕೆ ಸೇರಿದ್ದೆ. ಒಂದು ಉದ್ದನೆಯ ಕೋಣೆ, ಸಾಲು ಮೇಜು, ಪ್ರತಿ ಮೇಜಿನ ಮೇಲೂ ಕರಕರ ಎನ್ನುವ ಲೆಕ್ಕದ ಯಂತ್ರ. ನಾವು ಹುಡುಗಿಯರು ಅದರ ಮುಂದೆ ಕೂತು ದಿನವಿಡೀ ಗುಣಿಸುತ್ತಿದ್ದೆವು, ಭಾಗಿಸುತ್ತಿದ್ದೆವು, ಕಾಲಂ ತುಂಬುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಒಂದು ಚಿಕ್ಕ ಕಂಪ್ಯೂಟರೂ ಇತ್ತು. ಅದನ್ನು ನಡೆಸಲು ಕಲಿತವರಲ್ಲಿ ನಾನೂ ಒಬ್ಬಳು. ಕಾಗದದ ಟೇಪು ನಾನೇ ಹಾಕುತ್ತಿದ್ದೆ, ಸ್ವಿಚ್ಚು ನಾನೇ ಒತ್ತುತ್ತಿದ್ದೆ, ನನ್ನ ಲೆಕ್ಕ ಮುಗಿಯುವ ತನಕ ಆ ಯಂತ್ರ ನನ್ನದು. ಅದರ ಸದ್ದು ಕೇಳಿಯೇ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು.

ಆಮೇಲೆ ದೊಡ್ಡ ಕಂಪ್ಯೂಟರು ಬಂತು. ಮನುಷ್ಯರಿಗೆ ಫ್ಯಾನೂ ಸರಿಯಿಲ್ಲದ ಕಟ್ಟಡದಲ್ಲಿ ಅದಕ್ಕೊಂದು ತಣ್ಣನೆಯ ಕೋಣೆ ಕಟ್ಟಿದರು. ಒಳಗೆ ನಮಗೆ ಪ್ರವೇಶವಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಹೊರಗೆ ಕಾಯಬೇಕು. ಯಂತ್ರದೊಳಗೆ ಏಕಕಾಲಕ್ಕೆ ಹಲವರ ಕೆಲಸ ಇರುತ್ತದೆ. ಯಾರದು ಮೊದಲು, ಯಾರಿಗೆ ಎಷ್ಟು ಜಾಗ, ಯಾರಿಗೆ ಯಾವ ಟೇಪು, ಯಾರು ಕಾಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದರೊಳಗೇ ಕೂತಿರುವ ಇನ್ನೊಂದು ಪ್ರೋಗ್ರಾಮು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಸ್ವತಃ ಒಂದು ಲೆಕ್ಕವನ್ನೂ ಮಾಡದೆ ಎಲ್ಲರ ಮೇಲೂ ಯಜಮಾನಿಕೆ ಮಾಡುವ ಈ ವಸ್ತುವನ್ನು ನಾನು ನೋಡುವ ಮೊದಲೇ ದ್ವೇಷಿಸಿದೆ.

ಲೆಕ್ಕದ ವಿಭಾಗ ಮುಚ್ಚುತ್ತದೆ ಎಂದು ಮುಖ್ಯಸ್ಥರು ಒಂದು ಬೆಳಿಗ್ಗೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಅವರು ಮೆಲುಮಾತಿನ ಮಲಯಾಳಿ ಹಿರಿಯರು. ಇಷ್ಟವಿದ್ದವರು ಆಪರೇಟಿಂಗ್ ಸಿಸ್ಟಮ್ ಕಲಿಯಬಹುದು, ನವರಾತ್ರಿಯ ಪೂಜೆ ರಜೆ ಮುಗಿದ ಮರುದಿನ ಬಾಯಿಪರೀಕ್ಷೆ, ಅದರಲ್ಲಿ ಗೆದ್ದ ಇಬ್ಬರು ಹೊಸ ಯಂತ್ರದ ಜೊತೆ ಉಳಿಯುತ್ತಾರೆ, ಮಿಕ್ಕವರನ್ನು ಬೇರೆ ಬೇರೆ ಕಡೆ ಹಂಚುತ್ತಾರೆ. ನನ್ನ ಪಾಲಿಗೆ ಬರುವುದು ಕೊಚ್ಚಿ ಬಂದರಿನಲ್ಲಿರುವ ಸಂಸ್ಥೆಯ ಕಚೇರಿ ಎಂದೂ ಹೇಳಿದರು. ಪರದೇಶದಿಂದ ಬಂದ ಪೆಟ್ಟಿಗೆಗಳನ್ನು ಕಸ್ಟಮ್ಸ್‌ನಿಂದ ಬಿಡಿಸಿ ಲಾರಿಗೆ ಹತ್ತಿಸುವ ಕೆಲಸ. "ನಿಮ್ಮ ಅಕ್ಕ ಎರ್ನಾಕುಲಂನಲ್ಲೇ ಇದ್ದಾರಲ್ಲ, ನಿಮಗೆ ಅನುಕೂಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಾನು ಗಣಿತ ಓದಿದ್ದು ಪೆಟ್ಟಿಗೆಯ ಮೇಲಿನ ಸೀಲು ನೋಡುವುದಕ್ಕಲ್ಲ. ದ್ವೇಷವನ್ನು ಪಕ್ಕಕ್ಕಿಟ್ಟು ಕಲಿಯುವವರ ಸಾಲಿನಲ್ಲಿ ಹೆಸರು ಕೊಟ್ಟೆ.

ಕಲಿಯುವುದು ಅಂದರೆ ಏನು? ಪಾಠ ಹೇಳುವವರು ಯಾರೂ ಇಲ್ಲ. ಯಂತ್ರದ ಜೊತೆ ಬಂದ ನೀಲಿ ರಟ್ಟಿನ ದಪ್ಪ ಕೈಪಿಡಿ ಒಂದೇ ಒಂದು ಪ್ರತಿ. ಅದನ್ನು ಸರದಿಯ ಮೇಲೆ ಓದಬೇಕು. ಓದಿದರೆ ಕಬ್ಬಿಣದ ಕಡಲೆ. ಒಂದು ವಾಕ್ಯ ಅರ್ಥವಾಗಬೇಕಾದರೆ ಹಿಂದಿನ ಹತ್ತು ವಾಕ್ಯ ಅರ್ಥವಾಗಿರಬೇಕು, ಆ ಹತ್ತು ಅರ್ಥವಾಗಬೇಕಾದರೆ ಮುಂದಿನದು ಗೊತ್ತಿರಬೇಕು. ಪೂಜೆ ರಜೆಯ ಸರದಿ ನನಗೆ ಬಂತು. ಸಂಗಡಿಗರು ಹೊಟ್ಟೆಕಿಚ್ಚುಪಟ್ಟರು. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಪುಸ್ತಕ ಕೈಯಲ್ಲಿದ್ದವರೇ ಗೆದ್ದ ಹಾಗೆ ಎಂದು ಎಲ್ಲರ ಲೆಕ್ಕ.

ಅಷ್ಟರಲ್ಲಿ ಹಬ್ಬಕ್ಕೆ ಬಾ ಎಂದು ಅಕ್ಕ ಕರೆದಳು. ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಕೂತು ಓದುವುದಕ್ಕಿಂತ ಅಲ್ಲಿ ಮೂರು ಹೊತ್ತು ಅವಳ ಕೈಯಡಿಗೆ ಉಂಡು ಓದಬಹುದು ಎಂದುಕೊಂಡು ಕೈಪಿಡಿಯನ್ನು ಸೀರೆಗಳ ನಡುವೆ ಸುತ್ತಿ ಎರ್ನಾಕುಲಂ ಬಸ್ಸು ಹತ್ತಿದೆ.

ಅಕ್ಕನ ಮನೆ ಕಲೂರಿನಲ್ಲಿ, ಒಂದು ಮಾಳಿಗೆ ಮನೆಯ ಮೇಲ್ಭಾಗ. ಭಾವನವರಿಗೆ ಅಂಬಲಮುಗಳಿನ ಎಣ್ಣೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕೆಳಗೆ ಮನೆಯ ಯಜಮಾನರಾದ ವಕೀಲರು, ಅವರ ಹೆಂಡತಿ, ಮಕ್ಕಳು. ವಕೀಲರ ಹೆಂಡತಿಯನ್ನು ನಾವೆಲ್ಲ ಚೇಚಿ ಎನ್ನುತ್ತಿದ್ದೆವು, ಎಂದರೆ ಅಕ್ಕ. ಹಿತ್ತಲಿನಲ್ಲಿ ಎರಡು ಮನೆಗೂ ಸೇರಿ ಒಂದು ನಲ್ಲಿ, ಒಂದು ರುಬ್ಬುಕಲ್ಲು. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು.

ಒಳಗೆ ಕಾಲಿಟ್ಟ ಕೂಡಲೇ ಅಕ್ಕ ನನ್ನ ಕೈ ಹಿಡಿದು ಹಿಂದಿನ ಚಿಕ್ಕ ಕೋಣೆಗೆ ಕರೆದೊಯ್ದಳು. ಹೊಸದಾಗಿ ಸುಣ್ಣ ಹೊಡೆದಿತ್ತು. ಕಿಟಕಿಯ ಹತ್ತಿರ ಮಂಚ, ಅದರ ಮೇಲೆ ಧಾರವಾಡದಿಂದ ತಂದ ಕೌದಿ.

"ಇದು ನಿನ್ನ ಖೋಲಿ. ಕನ್ನಡಿ ಹಾಕ್ಲಿಕ್ಕೆ ಮೊಳೀನೂ ಹೊಡಿಸೀನಿ ನೋಡು."

"ನಾ ಇನ್ನಾ ಫೇಲ್ ಆಗಿಲ್ಲಲ್ಲಕ್ಕಾ!"

"ಏ ಖೋಡಿ, ಹಂಗಲ್ಲ. ಬಂದ್ರ ಇರ್ಲಿ ಅಂತ."

ಅವಳ ಮಗಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಮ್ಮಗೆ ನೀರು ತಂದುಕೊಡು ಎಂದು ಅಕ್ಕ ಕನ್ನಡದಲ್ಲಿ ಹೇಳಿದರೆ ಅವಳು ಮಲಯಾಳದಲ್ಲಿ ಏನೋ ಅಂದು ಆಡಲು ಓಡಿದಳು. "ನೋಡಿದಿ? ಬೈದ್ರ ತಿರುಗಿ ಬೈತಾಳ, ಅದೂ ಮಲಯಾಳಂದಾಗ. ಅವರಪ್ಪ ಪಾಳಿ ಮುಗಿಸಿ ಬಂದು ಮಲಗಿಬಿಡ್ತಾರ. ಕನ್ನಡದಾಗ ಜಗಳಾ ಮಾಡ್ಲಿಕ್ಕೆ ಈ ಊರಾಗ ನನಗೊಬ್ಬರು ಬೇಕಲ್ಲವಾ" ಎಂದಳು ಅಕ್ಕ. ನಾವಿಬ್ಬರೂ ನಕ್ಕೆವು. ನಕ್ಕ ಮೇಲೂ ಅವಳು ಆ ಮಂಚದ ಕೌದಿಯನ್ನು ಕೈಯಿಂದ ಸವರುತ್ತಲೇ ಇದ್ದಳು.

ಮರುದಿನ ದುರ್ಗಾಷ್ಟಮಿ. ಮಧ್ಯಾಹ್ನದ ತನಕ ಓದಿದೆ. ಕೆಲಸಗಳ ಸರದಿ, ಜಾಗದ ಹಂಚಿಕೆ, ಅಡ್ಡ ಬರುವ ಕರೆಗಳು, ಎಲ್ಲ ಒಂದು ಸುತ್ತು ಮುಗಿಯಿತು. ಕೊನೆಯ ಅಧ್ಯಾಯದ ತಲೆಬರಹ ಡೆಡ್‌ಲಾಕ್ ಎಂದಿತ್ತು. ಕೆಲಸಗಳು ಒಂದನ್ನೊಂದು ಕಾಯುತ್ತ ಎಲ್ಲವೂ ನಿಂತುಹೋಗುವ ಸ್ಥಿತಿ ಎಂಬ ಮೊದಲ ಸಾಲು ಓದಿ ಪುಸ್ತಕ ಮುಚ್ಚಿದೆ. ಇಷ್ಟು ಬುದ್ಧಿವಂತರು ಕಟ್ಟಿದ ಯಂತ್ರ ಹಾಗೆಲ್ಲ ನಿಂತೀತೇ, ನಾಳೆ ನೋಡಿದರಾಯಿತು ಅನ್ನಿಸಿತು. ಸಂಜೆ ಭಾವನವರು ಮಗಳನ್ನೂ ನನ್ನನ್ನೂ ದೋಣಿ ಜೆಟ್ಟಿಯ ಕಡೆ ಗಾಳಿಗೆ ಕರೆದೊಯ್ದರು.

ಬಂದು ನೋಡಿದರೆ ಮಂಚದ ಮೇಲೆ ಕೈಪಿಡಿ ಇಲ್ಲ. ನನ್ನ ಟಿಪ್ಪಣಿ ಪುಸ್ತಕವೂ ಇಲ್ಲ, ಪೆನ್ನೂ ಇಲ್ಲ.

"ಅಕ್ಕಾ, ನನ್ನ ಪುಸ್ತಕ ಎಲ್ಲಿ?"

"ಕೆಳಗ, ಚೇಚಿ ದೇವರ ಮನ್ಯಾಗ. ಎಲ್ಲಾರ ಪುಸ್ತಕಾನೂ ಪೂಜಾಕ್ಕ ಇಟ್ಟಾರ, ನಿಂದೂ ಇಟ್ಟುಬಂದೆ. ನಾಡದ ಮುಂಜಾನೆ ತಗೀತಾರ."

"ನಾಡದ? ನಾಡದ ಮಧ್ಯಾಹ್ನ ನಾ ಬಸ್ಸು ಹತ್ತಬೇಕು! ಮರುದಿನ ಪರೀಕ್ಷಾ ಅದ!"

"ಅದಕ್ಕಽ ಇಟ್ಟೀನಿ. ಸರಸ್ವತಿ ಪಾದದ ಹತ್ರ ಇದ್ರ ಛಲೋ ಆಗ್ತದ."

ನಮ್ಮ ಕಡೆಯೂ ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಡುತ್ತೇವೆ. ಆದರೆ ನಾವು ಜಾಣರು. ಹಳೆಯ ಪುಸ್ತಕವೊಂದನ್ನು ದೇವಿಯ ಮುಂದಿಟ್ಟು ಬೇಕಾದದ್ದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇವೆ. ಕೇರಳದಲ್ಲಿ ಹಾಗಲ್ಲ. ಅಷ್ಟಮಿ ಸಂಜೆ ಪುಸ್ತಕ, ಪೆನ್ನು, ಉಪಕರಣ ಎಲ್ಲವನ್ನೂ ಪೂಜೆಗಿಟ್ಟರೆ ವಿಜಯದಶಮಿ ಬೆಳಿಗ್ಗೆ ಪೂಜೆ ತೆಗೆಯುವ ತನಕ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ನಾನು ದಡದಡ ಮೆಟ್ಟಿಲಿಳಿದು ಹೋದೆ. ದೀಪ ಉರಿಯುತ್ತಿತ್ತು, ರೇಷ್ಮೆ ಬಟ್ಟೆ ಹೊದಿಸಿದ ಪುಸ್ತಕದ ರಾಶಿಯಿಂದ ನೀಲಿ ರಟ್ಟಿನ ಒಂದು ಮೂಲೆ ಕಾಣುತ್ತಿತ್ತು. ಚೇಚಿ ಹೊಸಿಲಿಗೆ ಅಡ್ಡ ಕೈ ಚಾಚಿದರು.

"ಅಯ್ಯೋ ಮೋಳೇ, ತೊಡಾನ್ ಪಾಡಿಲ್ಲ!"

ಮುಟ್ಟಬಾರದಂತೆ. ತಮ್ಮ ಯಜಮಾನರ ಕೋರ್ಟಿನ ಕಾಗದಗಳೂ ಅದರಲ್ಲೇ ಇವೆ, ಎರಡು ದಿನ ಅವರು ಪೇಪರನ್ನೂ ಓದುವುದಿಲ್ಲ, ನಿನಗೆ ಒಳ್ಳೆಯದೇ ಆಗುತ್ತದೆ ಮಗಳೇ ಎಂದು ಚೇಚಿ ಅಷ್ಟು ಪ್ರೀತಿಯಿಂದ ಹೇಳಿದರು. ಪ್ರೀತಿಯಿಂದ ಹೇಳುವವರ ಹತ್ತಿರ ಕಿತ್ತಾಡುವುದು ಹೇಗೆ? ಅವರ ಮನೆ, ಅವರ ದೇವರು. ಬಂದ ದಾರಿಗೆ ಸುಂಕವಿಲ್ಲ ಎಂದು ಮೇಲೆ ಬಂದೆ. ಕೆಳಗೆ ಆಡಲಾಗದ ಮಾತೆಲ್ಲ ಮೇಲೆ ಅಕ್ಕನ ಮೇಲೆ ಬಿತ್ತು.

"ನಾ ಫೇಲ್ ಆಗ್ಲಿ ಅಂತಽ ಒಯ್ದಿಟ್ಟಿ ನೀನು! ಸುಣ್ಣಾ ಹೊಡಿಸಿ ಮಂಚಾ ಹಾಕಿ ಕಾಯ್ಲಿಕ್ಕತ್ತೀಯಲ್ಲ, ಅದಕ್ಕಽ!"

ಪಾಳಿಗೆ ಹೊರಟಿದ್ದ ಭಾವನವರು ನಡುವೆ ಬಾಯಿ ಹಾಕಿದರು. "ನನ್ನ ಸ್ಲೈಡ್ ರೂಲೂ ಒಳಗ ಹೋಗೇದವಾ. ಎರಡು ದಿನ ಕಾರ್ಖಾನಿ ಲೆಕ್ಕಾ ಎಲ್ಲಾ ಬೆರಳಿನ ಮ್ಯಾಲೆ." ಯಾರೂ ನಗಲಿಲ್ಲ. ಅವರು ಮೆಲ್ಲಗೆ ಬೂಟು ಹಾಕಿಕೊಂಡು ಹೋದರು.

ಅಕ್ಕ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಒಯ್ಯೂಮುಂದ ಸರಸ್ವತಿಗೇ ಅಂತ ಒಯ್ದೆ. ದೇವರಾಣಿ. ತಿರುಗಿ ಮೆಟ್ಟಿಲಾ ಹತ್ತೂಮುಂದ ಅನಿಸ್ತು, ಇಕಿ ಇದನ್ನ ಓದದಽ ಹೋದ್ರ ನನ್ನ ಕಡೆ ಬರ್ತಾಳ ಅಂತ. ಆಗಿನ್ನೂ ಪೂಜಾ ಶುರು ಆಗಿದ್ದಿಲ್ಲ. ಹೋಗಿ ತರಬಹುದಿತ್ತು. ತರಲಿಲ್ಲ."

ಸುಳ್ಳು ಹೇಳಿದ್ದರೆ ಇನ್ನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ನಿಜ ಹೇಳಿ ನನ್ನ ಬಾಯಿ ಕಟ್ಟಿಬಿಟ್ಟಳು. ಊಟ ಬೇಡವೆಂದು ಆ ಸುಣ್ಣ ಹೊಡೆದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನವಮಿ ಬೆಳಿಗ್ಗೆ ಅವಳೇ ಬಾಗಿಲು ತಟ್ಟಿದಳು. ಕೈಯಲ್ಲಿ ಚಹಾ ಇತ್ತು.

"ಓದಬಾರದು, ಬರೀಬಾರದು ಅಂದಾರ. ಮಾತಾಡಬಾರದು ಅಂದಿಲ್ಲಲ್ಲ? ಅಡಿಗಿ ಮನಿಗೆ ಬಾ. ನಿನ್ನ ಯಂತ್ರದ್ದು ಎಲ್ಲಾ ನನಗ ಹೇಳು."

"ನಿನಗೇನ್ ತಿಳೀತದ?"

"ನನಗ ತಿಳಿಯೂ ಹಂಗ ಹೇಳಿದ್ರ ನಿನಗ ತಿಳದದ ಅಂತ. ಇಲ್ಲಾಂದ್ರ ನಿನಗೂ ತಿಳದಿಲ್ಲ."

ಸಿಟ್ಟು ಇಳಿದಿರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಮಣೆ ಹಾಕಿಕೊಂಡು ಕೂತು ಶುರು ಮಾಡಿದೆ. ಆಪರೇಟಿಂಗ್ ಸಿಸ್ಟಮ್ ತಾನು ಲೆಕ್ಕ ಮಾಡುವುದಿಲ್ಲ, ಯಾರ ಲೆಕ್ಕ ಯಾವಾಗ ಆಗಬೇಕೆಂದು ನೋಡಿಕೊಳ್ಳುತ್ತದೆ ಎಂದೆ.

"ತಾ ಅಡಿಗಿ ಮಾಡೂದಿಲ್ಲ, ಯಾರು ಏನ್ ಮಾಡಬೇಕು ಅಂತ ಕೂತಲ್ಲಿಂದ ಹೇಳ್ತದ. ಅಂದ್ರ ಅತ್ತಿ!" ಎಂದಳು ಅಕ್ಕ.

ಬೇಡವೆಂದರೂ ನಗು ಬಂತು. ಆದರೆ ಅಲ್ಲಿಗೆ ಬಿಡಲಿಲ್ಲ ಅವಳು. ಆ ಅತ್ತೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಹಳೆಯ ಯಂತ್ರದಲ್ಲಿ ನಾನು ಟೇಪು ಸುತ್ತಿ ಹಾಕುವ ತನಕ ಯಂತ್ರ ಸುಮ್ಮನೆ ಕೂತಿರುತ್ತಿತ್ತು, ಈಗ ಒಬ್ಬರ ಟೇಪು ಸುತ್ತುವಾಗ ಇನ್ನೊಬ್ಬರ ಲೆಕ್ಕ ನಡೆಯುತ್ತದೆ ಎಂದು ವಿವರಿಸಿದೆ. ವಿವರಿಸುತ್ತಿದ್ದಾಗಲೇ ನನಗೆ ಹೊಳೆಯಿತು. ಯಂತ್ರ ನನ್ನದು ಎಂದು ನಾನು ಹೆಮ್ಮೆಪಡುತ್ತಿದ್ದ ಆ ಹೊತ್ತಿನಲ್ಲಿ ಬಹುಪಾಲು ಅದು ನನಗಾಗಿ ಕಾದು ಖಾಲಿ ಕೂತ ಹೊತ್ತು. ಪುಸ್ತಕದಲ್ಲಿ ಇದನ್ನು ಓದಿದ್ದೆ, ಒಪ್ಪಿರಲಿಲ್ಲ.

ಅಡ್ಡ ಬರುವ ಕರೆಗಳ ವಿಷಯ ಬಂತು. ಒಂದು ಕೆಲಸ ನಡೆಯುತ್ತಿರುವಾಗ ಇನ್ನೊಂದು ಕಡೆಯಿಂದ ಕರೆ ಬಂದರೆ ಯಂತ್ರ ಕೈಯಲ್ಲಿದ್ದುದನ್ನು ಬಿಟ್ಟು ಅದನ್ನು ನೋಡಿ ಬರುತ್ತದೆ.

"ಹಾಲು ಉಕ್ಕಿದ್ರ ನಾನೂ ಓಡ್ತೀನಿ. ಆದ್ರ ತಿರುಗಿ ಬಂದಮ್ಯಾಲೆ ಸಾರಿಗೆ ಉಪ್ಪು ಹಾಕೀನೋ ಇಲ್ಲೋ ನೆನಪಿರೂದಿಲ್ಲ. ನಿನ್ನ ಯಂತ್ರಕ್ಕ ಹೆಂಗ ನೆನಪಿರ್ತದ?"

ಎಲ್ಲಿಗೆ ಬಿಟ್ಟೆ ಎಂಬುದನ್ನು ಓಡುವ ಮೊದಲೇ ಒಂದು ಕಡೆ ಇಟ್ಟು ಹೋಗುತ್ತದೆ ಎಂದೆ. ಎಲ್ಲಿ ಇಡುತ್ತದೆ, ಆ ಜಾಗ ಬೇರೆ ಯಾರೂ ಮುಟ್ಟದ ಹಾಗೆ ಯಾರು ಕಾಯುತ್ತಾರೆ, ಅದನ್ನು ನೋಡಲು ಹೋದಾಗ ಮೂರನೆಯ ಕರೆ ಬಂದರೇನು ಗತಿ ಎಂದು ಅವಳು ಒಂದಾದ ಮೇಲೊಂದು ಕೇಳಿದಳು. ಕೇಳುತ್ತಲೇ ಕಾಯಿ ತುರಿದಳು, ಒಗ್ಗರಣೆ ಹಾಕಿದಳು. ಕೆಲವಕ್ಕೆ ಉತ್ತರ ಗೊತ್ತಿತ್ತು. ಕೆಲವಕ್ಕೆ ಪುಸ್ತಕದ ಪುಟ ಕಣ್ಣ ಮುಂದೆ ತಂದುಕೊಂಡು, ತಿಣುಕಿ, ತಪ್ಪು ಹೇಳಿ, ತಿದ್ದಿ ಹೇಳಿದೆ. ಪುಸ್ತಕ ಕೈಯಲ್ಲಿದ್ದಾಗ ಮುಂದಿನ ಪುಟಕ್ಕೆ ಓಡುತ್ತಿದ್ದವಳು ಈಗ ಒಂದೊಂದರಲ್ಲೂ ನಿಂತು ಯೋಚಿಸಬೇಕಾಯಿತು.

"ಆಮ್ಯಾಲೆ?"

"ಆಮ್ಯಾಲೆ ಡೆಡ್‌ಲಾಕ್. ಅದನ್ನ ನಾ ಓದಿಲ್ಲ."

"ಯಾಕ?"

"ನೀ ಓದಗೊಟ್ಟಿಯೇನು?" ಎಂದು ಹಳೆಯ ಸಿಟ್ಟು ಮತ್ತೆ ಹೊರಗೆ ಬಂತು.

ಸಂಜೆ ನಲ್ಲಿಯಲ್ಲಿ ನೀರು ಬಂತು. ಬೆಳಿಗ್ಗೆ ವಿಜಯದಶಮಿ, ಎರಡೂ ಮನೆಯಲ್ಲಿ ದೋಸೆ ಎಂದು ತೀರ್ಮಾನವಾಗಿತ್ತು. ನಾನು ಹಿಂದಿನ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಚೇಚಿ ಮೊದಲೇ ಬಂದು ನೆನೆಸಿದ ಅಕ್ಕಿಯನ್ನು ರುಬ್ಬುಕಲ್ಲಿಗೆ ಹಾಕಿದ್ದರು. ಆದರೆ ರುಬ್ಬಲು ನೀರು ಬೇಕು. ಅಕ್ಕ ನಲ್ಲಿಯ ಕೆಳಗೆ ತನ್ನ ಕೊಡ ಇಟ್ಟಿದ್ದಳು. ನೀರು ನೂಲಿನಂತೆ ಸಣ್ಣಗೆ ಬರುತ್ತಿತ್ತು. ಅವಳ ಕೈಯಲ್ಲಿ ಉದ್ದಿನ ಬೇಳೆಯ ಪಾತ್ರೆ, ಅದಕ್ಕೆ ಕಲ್ಲು ಬೇಕು. ಸ್ವಲ್ಪ ನಲ್ಲಿ ಬಿಟ್ಟುಕೊಟ್ಟರೆ ರುಬ್ಬಿ ಮುಗಿಸಿ ಕಲ್ಲು ಬಿಡುತ್ತೇನೆ ಎಂದರು ಚೇಚಿ. ನೀವು ಸ್ವಲ್ಪ ಕಲ್ಲು ಬಿಟ್ಟರೆ ಬೇಳೆ ರುಬ್ಬಿಕೊಂಡು ಕೊಡ ತೆಗೆಯುತ್ತೇನೆ, ಕೊಡ ಈಗಲೇ ತೆಗೆದರೆ ಕಲ್ಲು ತೊಳೆಯಲು ನನಗೆ ನೀರಿರುವುದಿಲ್ಲ ಎಂದಳು ಅಕ್ಕ ತನ್ನ ಅರೆಬರೆ ಮಲಯಾಳದಲ್ಲಿ. ಕಲ್ಲಿಗೆ ಹಾಕಿದ ಅಕ್ಕಿ ತೆಗೆಯುವುದು ಹೇಗೆ ಎಂದರು ಚೇಚಿ. ಜಗಳವಿಲ್ಲ. ಇಬ್ಬರೂ ನಗುನಗುತ್ತಲೇ ಹೇಳುತ್ತಿದ್ದರು. ಇಬ್ಬರದೂ ನ್ಯಾಯವೇ. ಹಬ್ಬದ ಮಾತು, ಮಕ್ಕಳ ಮಾತು ನಡುವೆ ಬಂದು ಹೋಯಿತು, ಕಲ್ಲೂ ಕೊಡವೂ ಇದ್ದಲ್ಲೇ ಇದ್ದವು. ಅಷ್ಟರಲ್ಲಿ ನಲ್ಲಿ ಬುಸ್ಸೆಂದು ಗಾಳಿ ಉಗುಳಿ ನಿಂತುಹೋಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೆಟ್ಟಿಲಿನಿಂದ ಎದ್ದು ನಿಂತೆ.

"ಅಕ್ಕಾ, ಇದಽ! ಡೆಡ್‌ಲಾಕ್ ಅಂದ್ರ ಇದಽ!"

"ಏನ್ ಒದರ್ತೀಯ? ಹಬ್ಬದ ದ್ವಾಸಿ ಹೋತು, ಇಕಿಗೆ ಹುಚ್ಚು ಹಿಡೀತು" ಎಂದಳು.

ಮೇಲೆ ಬಂದು ಅವಳಿಗೆ ಹೇಳಿದೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಇದೆ, ಇನ್ನೊಬ್ಬರ ಕೈಯಲ್ಲಿರುವುದು ಬೇಕು, ತನ್ನದನ್ನು ಬಿಡುವುದಿಲ್ಲ. ಯಾರದೂ ತಪ್ಪಲ್ಲ, ಆದರೂ ಎಲ್ಲ ನಿಂತಿತು. ಎರಡು ಟೇಪಿನ ಯಂತ್ರ, ಎರಡು ಕೆಲಸ ಇದ್ದರೂ ಇದೇ ಗತಿ. ಓದದ ಅಧ್ಯಾಯವನ್ನು ನಾನು ಅಡಿಗೆ ಮನೆಯಲ್ಲಿ ಕೂತು ನಾನೇ ಕಟ್ಟತೊಡಗಿದೆ. ಇದು ಆಗದಂತೆ ತಡೆಯುವುದು ಹೇಗೆ? ಕೆಲಸ ಶುರುವಾಗುವ ಮೊದಲೇ ಬೇಕಾದದ್ದೆಲ್ಲ ಕೇಳಬೇಕು, ಎಲ್ಲ ಸಿಕ್ಕರೆ ಮಾತ್ರ ಕೈ ಹಾಕಬೇಕು. ಅಥವಾ ಇನ್ನೊಂದು ಕಲ್ಲು ತರಬೇಕು. ಅದೂ ಇಲ್ಲದೆ ಸಿಕ್ಕಿಕೊಂಡೇಬಿಟ್ಟರೆ?

"ಸಿಕ್ಕೊಂಡಽ ಬಿಟ್ರ?" ಎಂದು ಅಕ್ಕ ಕೇಳಿದಳು.

"ಯಾರರ ಒಬ್ಬರು ತಮ್ಮ ಕೈಯಾಗಿಂದು ಬಿಡಬೇಕು."

"ಬಿಡದಿದ್ರ?"

"ಇಬ್ಬರಿಗೂ ಇಲ್ಲ."

ಅವಳು ಉದ್ದಿನ ಬೇಳೆಯಲ್ಲಿ ಹಿಂದೆ ಮುಂದೆ ಕೈಯಾಡಿಸಿದಳು. "ಇಬ್ಬರಿಗೂ ಇಲ್ಲ" ಎಂದು ತಾನೂ ಒಮ್ಮೆ ಹೇಳಿದಳು. ಆಮೇಲೆ ಎದ್ದು ಬೆಳಗಿನ ತಿಂಡಿಗೆ ಅವಲಕ್ಕಿ ಇದೆಯೇ ಎಂದು ಡಬ್ಬಿ ತೆರೆದು ನೋಡಿದಳು.

ವಿಜಯದಶಮಿ ಬೆಳಿಗ್ಗೆ ಪೂಜೆ ತೆಗೆದರು. ಪುಸ್ತಕ ಕೈಗೆ ಬಂದ ಕೂಡಲೇ ಅಲ್ಲೇ ಕೂತು ಒಂದಿಷ್ಟು ಓದಬೇಕು ಎಂಬುದು ಅಲ್ಲಿಯ ಪದ್ಧತಿ. ಮಕ್ಕಳು ಜೋರಾಗಿ ಪಾಠ ಓದಿದರು, ವಕೀಲರು ಕಾನೂನಿನ ಒಂದು ಸಾಲು ಓದಿದರು, ಭಾವನವರು ಸ್ಲೈಡ್ ರೂಲನ್ನು ಕಣ್ಣಿಗೊತ್ತಿಕೊಂಡು, ಅದರ ಅಂಕಿಪಟ್ಟಿ ಸರಿಸಿ ಒಂದು ಗುಣಾಕಾರ ಮಾಡಿದರು. ಚೇಚಿ ನೀಲಿ ಕೈಪಿಡಿಯನ್ನು ನನ್ನತ್ತ ಚಾಚಿದರು. ಅದನ್ನು ತೆಗೆದುಕೊಂಡವಳು ಅಕ್ಕ. ಅವಳು ಮ್ಯಾಟ್ರಿಕ್ ಮುಗಿದ ವರ್ಷವೇ ಮದುವೆಯಾದವಳು. ಮುಂದೆ ಓದುವ ಆಸೆ ಬಹಳವಿತ್ತು, ನನಗೆ ಮೊದಲು ಗಣಿತ ಹೇಳಿಕೊಟ್ಟವಳೇ ಅವಳು. ಪುಸ್ತಕ ಬಿಡಿಸಿ, ಬೆರಳಿಟ್ಟು, ಒಂದೊಂದೇ ಪದ ಕೂಡಿಸಿಕೊಂಡು ಇಂಗ್ಲಿಷಿನ ಒಂದು ಪೂರ್ತಿ ಸಾಲು ಓದಿದಳು. ಮುಗಿಸಿ ಅದನ್ನು ನನ್ನ ಕೈಯಲ್ಲಿಟ್ಟಳು.

"ತಗೋ. ಇನ್ನ ನಿಂದು."

ಮಧ್ಯಾಹ್ನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೊನೆಯ ಅಧ್ಯಾಯ ಓದಿದೆ. ಹೊಸದೇನೂ ಇರಲಿಲ್ಲ, ಹೆಸರುಗಳು ಮಾತ್ರ ಹೊಸವು.

ಪರೀಕ್ಷೆಯಲ್ಲಿ ಮುಖ್ಯಸ್ಥರು ಮೊದಲು ಸುಲಭದವನ್ನು ಕೇಳಿದರು. ಕರೆ ಬಂದಾಗ ಯಂತ್ರ ಏನನ್ನು ಎಲ್ಲಿ ಇಟ್ಟು ಹೋಗುತ್ತದೆ ಎಂದಾಗ ಉಪ್ಪಿನ ನೆನಪಾಗಿ ತುಟಿಯಂಚಿಗೆ ನಗು ಬಂತು. ಕೊನೆಗೆ ಎರಡು ಕೆಲಸ, ಎರಡು ಟೇಪು ಎಂದರು. ನಾನು ತಡೆಯುವ ದಾರಿಯನ್ನೂ ಬಿಡಿಸುವ ದಾರಿಯನ್ನೂ ಹೇಳಿದೆ.

"ಒಂದನ್ನು ರದ್ದು ಮಾಡಬೇಕು ಅಂದಿರಿ. ಯಾವುದನ್ನು?"

"ಕಡಿಮೆ ಕಳೆದುಕೊಳ್ಳುವುದನ್ನು, ಸರ್."

"ಯಾವುದು ಎಷ್ಟು ಕಳೆದುಕೊಳ್ಳುತ್ತದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?"

ಎಷ್ಟು ಹೊತ್ತು ನಡೆದಿದೆ ಎಂದು ಎಣಿಸಬಹುದು, ಅಷ್ಟರಿಂದ ಒಂದು ಅಂದಾಜು ಸಿಗುತ್ತದೆ, ನಿಜವಾಗಿ ಎಷ್ಟು ಹೋಯಿತು ಎಂಬುದು ಕಾರ್ಡು ಕೊಟ್ಟು ಹೊರಗೆ ಕಾಯುತ್ತಿರುವವರಿಗೆ ಮಾತ್ರ ಗೊತ್ತು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಂಜೆ ಇಬ್ಬರ ಹೆಸರು ಹೇಳಿದರು. ಅದರಲ್ಲಿ ನನ್ನದಿತ್ತು. ಕುಣಿಯಬೇಕು ಅನ್ನಿಸುವಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಕುಣಿತ ಮುಗಿದ ಮೇಲೆ ಆ ಸುಣ್ಣದ ಕೋಣೆ ನೆನಪಾಯಿತು. ಬಾಯಾರೆ ಹೇಳಬೇಕೆಂದು ಶನಿವಾರ ಮತ್ತೆ ಎರ್ನಾಕುಲಂಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ, ಮೊದಲು ಯಾವ ಮಾತು ಆಡಲಿ ಎಂದು ಹೊಂದಿಸಿಕೊಳ್ಳುತ್ತಿದ್ದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಕ್ಕ ಒಳಗಿನಿಂದ ಕೂಗಿದಳು.

"ಪಾಸ್ ಆದೆಲ್ಲ? ಮೆಟ್ಟಿಲಾ ಹತ್ತೂ ಸದ್ದಿಗೇ ತಿಳೀತು."

ಚೀಲ ಇಡಲು ಹಿಂದಿನ ಕೋಣೆಗೆ ಹೋದೆ. ಮಂಚ ಇರಲಿಲ್ಲ. ಕೌದಿ ಇರಲಿಲ್ಲ. ಕೋಣೆಯ ನಟ್ಟನಡುವೆ ಹೊಸ ರುಬ್ಬುಕಲ್ಲು, ಇನ್ನೂ ಉಳಿಯ ಗುರುತು ಮಾಸದ ಕಪ್ಪುಕಲ್ಲು, ಕೂತಿತ್ತು. ಪಕ್ಕದಲ್ಲಿ ನೀರು ತುಂಬಿಟ್ಟ ಎರಡು ಕೊಡ. ಕನ್ನಡಿಗೆಂದು ಹೊಡೆಸಿದ ಮೊಳೆಗೆ ಜರಡಿ ತೂಗುಹಾಕಿದ್ದಳು.

"ಇದು ಯಾವಾಗ ಬಂತಕ್ಕಾ?"

"ನೀ ಬಸ್ಸು ಹತ್ತಿದ ದಿನಾನ. ನಿನ್ನ ಬಿಟ್ಟು ಬರೂಮುಂದ ನಿಮ್ಮ ಭಾವಗ ಹೇಳಿ ತರಿಸಿದೆ."

"ಆಗಿನ್ನೂ ಪರೀಕ್ಷಾ ಆಗಿದ್ದಿಲ್ಲಲ್ಲ! ನಾ ಫೇಲ್ ಆಗಿ ಬಂದಿದ್ರ ಎಲ್ಲಿ ಮಲಗ್ತಿದ್ದೆ?"

ಅಕ್ಕ ಬಾಗಿಲಿಗೆ ಬಂದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು.

"ಖೋಲಿ ಖಾಲಿ ಇದ್ರ ದಿನಾ ಅದರ ಮುಂದ ಹಾಯೂಮುಂದ, ಫೇಲ್ ಆಗ್ಲಿ, ಫೇಲ್ ಆಗ್ಲಿ ಅಂತ ನನ್ನ ಮನಸ್ಸಿಗೆ ಬರ್ತಿತ್ತವಾ. ಅದಕ್ಕ ತುಂಬಿಸಿಬಿಟ್ಟೆ."

ಕಣ್ಣು ತುಂಬಿ ಕಲ್ಲು ಮಸಕಾಯಿತು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ನೆನೆಸಿದ ಬೇಳೆಯ ಪಾತ್ರೆ ತಂದು ನನ್ನ ಮುಂದಿಟ್ಟಳು.

"ನಿಂತೇನ್ ನೋಡ್ತೀ? ಕೂಡು, ರುಬ್ಬು. ನೀರು ಒಮ್ಮೆಲೇ ಸುರೀಬ್ಯಾಡ ಮತ್ತ."

"ನನಗ ಗೊತ್ತದ ಬಿಡು, ನೀ ಏನ್ ಕಲಿಸ್ತೀ" ಎಂದೆ.

"ಗೊತ್ತಿದ್ರ ಮಾಡಿ ತೋರಿಸು, ಬಾಯಿ ಒಂದ ಅದ" ಎಂದಳು. ಹಿಟ್ಟು ನುಣ್ಣಗಾಗುವ ತನಕ ಇಬ್ಬರೂ ಕನ್ನಡದಲ್ಲಿ ಜಗಳವಾಡಿದೆವು.